ಟೆನಿಸ್ ಎಲ್ಬೋ: ಯಾವ ಇಂಜೆಕ್ಷನ್, ಎಷ್ಟು ದಿನಕ್ಕೆ?

ಒಲೆ ಮೇಲಿನ ಹಾಲಿನ ಪಾತ್ರೆ ಇಳಿಸುವಾಗ ಮೊಣಕೈಯ ಹೊರಬದಿ ಚುಳ್ಳೆನ್ನುತ್ತದೆ. ಬಟ್ಟೆ ಹಿಂಡಲು ಹೋದರೆ ಹಿಡಿತವೇ ತಪ್ಪಿಹೋಗುತ್ತದೆ. ಬೀಗದಲ್ಲಿ ಕೀಲಿ ತಿರುಗಿಸುವುದು, ಯಾರಿಗಾದರೂ ಕೈ ಕುಲುಕುವುದು ಕೂಡ ಬೇಡವೆನಿಸುತ್ತದೆ. ಎರಡು ತಿಂಗಳು ಮುಲಾಮು, ನೋವಿನ ಮಾತ್ರೆ, ಬಿಸಿನೀರಿನ ಶಾಖ ಎಲ್ಲ ಆದಮೇಲೆ ಮೂಳೆ ಡಾಕ್ಟರ ಮುಂದೆ ಕೂತರೆ ಅವರು ಎರಡು ದಾರಿ ಹೇಳುತ್ತಾರೆ: “ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತೀನಿ, ಬೇಗ ಕಮ್ಮಿಯಾಗುತ್ತೆ. ಇಲ್ಲಾಂದ್ರೆ ಪಿಆರ್‌ಪಿ ಮಾಡಿಸಿ. ಸ್ವಲ್ಪ ದುಬಾರಿ, ಆದ್ರೆ ನಿಮ್ಮದೇ ರಕ್ತ.” ಹೊರಗೆ ಬಂದರೆ ಪಕ್ಕದ ಮನೆಯವರು “ಅಯ್ಯೋ, ಸ್ಟೀರಾಯ್ಡಾ?” ಅಂತ ಗಾಬರಿಯಾಗುತ್ತಾರೆ. ಆಫೀಸಿನ ಗೆಳೆಯ “ನಂಗೆ ಒಂದೇ ಸೂಜಿಗೆ ಹೋಯ್ತು” ಅನ್ನುತ್ತಾನೆ. ಇಬ್ಬರ ಮಾತಲ್ಲೂ ನಿಜವಿದೆ. ಆದರೆ ಎಷ್ಟು ದಿನದ ಲೆಕ್ಕದಲ್ಲಿ ಹೇಳುತ್ತಿದ್ದೇವೆ ಅನ್ನುವುದನ್ನು ಇಬ್ಬರೂ ಬಿಟ್ಟಿದ್ದಾರೆ. ಈ ಇಂಜೆಕ್ಷನ್‌ಗಳ ಹೋಲಿಕೆ ನಿಂತಿರುವುದೇ ಆ ಲೆಕ್ಕದ ಮೇಲೆ.

## ಟೆನಿಸ್ ಆಡದವರ ಟೆನಿಸ್ ಎಲ್ಬೋ

ಹೆಸರು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಹುಲ್ಲುಹಾಸಿನ ಟೆನಿಸ್ ಹೊಸ ಹುಚ್ಚಾಗಿದ್ದ ಕಾಲದಲ್ಲಿ, 1882ರಲ್ಲಿ, ಹೆನ್ರಿ ಮಾರಿಸ್ ಎಂಬ ವೈದ್ಯರು ‘ಲಾನ್ ಟೆನಿಸ್ ಆರ್ಮ್’ ಎಂದು ಬರೆದರು. ಆದರೆ ಅದಕ್ಕೂ ಮೊದಲೇ, 1873ರಲ್ಲಿ, ಜರ್ಮನಿಯ ರುಂಗೆ ಎಂಬ ವೈದ್ಯರು ಬರೆಯುವ ಕೆಲಸದವರಲ್ಲಿ ಇದೇ ನೋವನ್ನು ಗುರುತಿಸಿದ್ದರು. ನ್ಯಾಯವಾಗಿ ‘ಗುಮಾಸ್ತರ ಮೊಣಕೈ’ ಅಂತಲೇ ಹೆಸರಾಗಬೇಕಿತ್ತು!

ನಮ್ಮಲ್ಲಿ ಈ ಪದವನ್ನು ಮನೆಮನೆಗೆ ತಲುಪಿಸಿದ್ದು ಕ್ರಿಕೆಟ್. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ ನಡೆದ ಟೆಸ್ಟ್‌ಗೆ ಸಚಿನ್ ತೆಂಡೂಲ್ಕರ್ ಇರಲಿಲ್ಲ; ಕಾರಣ ಟೆನಿಸ್ ಎಲ್ಬೋ. ಮರುವರ್ಷ ಅವರು ಲಂಡನ್ನಿನಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರು. ಹಾಗೆ ನೋಡಿದರೆ ಈ ನೋವಿನಿಂದ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ರ‍್ಯಾಕೆಟ್ಟನ್ನೇ ಮುಟ್ಟಿದವರಲ್ಲ. ಪೇಂಟರು, ಬಡಗಿ, ಪ್ಲಂಬರು, ಮೆಕ್ಯಾನಿಕ್, ಟೈಲರು, ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುವ ಅಡುಗೆಯವರು, ದಿನವಿಡೀ ಮೌಸ್ ಹಿಡಿದು ಕೂರುವವರು, ಮನೆಗೆಲಸ ಮಾಡುವ ಹೆಂಗಸರು. ನೂರು ಜನ ವಯಸ್ಕರಲ್ಲಿ ಒಬ್ಬರಿಂದ ಮೂವರಿಗೆ ಇದು ಇರುತ್ತದೆ. ಹೆಚ್ಚಾಗಿ ಕಾಣುವುದು 35ರಿಂದ 55 ವರ್ಷದವರಲ್ಲಿ, ಅದೂ ಹೆಚ್ಚು ಬಳಸುವ ಕೈಯಲ್ಲಿ.

## ಹಗ್ಗ ಸವೆಯುವ ಜಾಗ

ಅಂಗೈ ಕೆಳಮುಖ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಮೊಣಕೈಯ ಹೊರಬದಿಯಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತದೆ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ ಸ್ನಾಯುಗಳು ಆ ಒಂದು ಉಬ್ಬಿನಿಂದಲೇ ಹೊರಡುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರಿನ ಪಟ್ಟಿಗೆ ಸ್ನಾಯುರಜ್ಜು ಅನ್ನುತ್ತಾರೆ; ಇಂಗ್ಲಿಷ್‌ನಲ್ಲಿ ಟೆಂಡನ್. ಆಡುಮಾತಿನಲ್ಲಿ ನಾವು ಇದನ್ನೂ ‘ನರ’ ಅಂತಲೇ ಅನ್ನುತ್ತೇವೆ, “ನರ ಹಿಡ್ಕೊಂಡಿದೆ” ಅಂತ. ಆದರೆ ಇದು ನರವಲ್ಲ, ಹಗ್ಗ.

ಏನನ್ನಾದರೂ ಬಿಗಿಯಾಗಿ ಹಿಡಿದುಕೊಂಡರೆ ಅಂಗೈ ಕಡೆಯ ಸ್ನಾಯುಗಳು ಮಣಿಕಟ್ಟನ್ನು ಒಳಕ್ಕೆ ಮಡಚಲು ನೋಡುತ್ತವೆ. ಹಾಗೆ ಮಡಚಿಕೊಂಡರೆ ಹಿಡಿತಕ್ಕೆ ಬಲವಿರುವುದಿಲ್ಲ; ಮಣಿಕಟ್ಟು ಒಳಗೆ ಬಾಗಿಸಿ ಮುಷ್ಟಿ ಕಟ್ಟಿ ನೋಡಿ, ಗೊತ್ತಾಗುತ್ತದೆ. ಅದನ್ನು ತಡೆದು ನೇರವಾಗಿ ಹಿಡಿದಿಡುವುದು ಹಿಂಬದಿಯ ಸ್ನಾಯುಗಳ ಕೆಲಸ. ಆದ್ದರಿಂದ ಬರಿ ಎತ್ತುವಾಗಷ್ಟೇ ಅಲ್ಲ, ಹಿಡಿದಾಗಲೆಲ್ಲ ಮೊಣಕೈಯ ಆ ಒಂದು ಬಿಂದುವಿನ ಮೇಲೆ ಜಗ್ಗಾಟ.

ಬಾವಿಯ ಹಗ್ಗ ಮೊದಲು ಸವೆಯುವುದು ರಾಟೆಗೆ ಉಜ್ಜುವ ಜಾಗದಲ್ಲಿ. ಇಲ್ಲಿಯೂ ಹಾಗೆ. ರಜ್ಜುವಿನ ನಾರುಗಳು ಬೇರಿನ ಹತ್ತಿರ ಎಳೆಎಳೆಯಾಗಿ ಬಿಡುತ್ತವೆ. ದೇಹ ತೇಪೆ ಹಾಕಲು ನೋಡುತ್ತದೆ. ಅದು ಮುಗಿಯುವ ಮೊದಲೇ ನಾವು ಮತ್ತೆ ಬಟ್ಟೆ ಹಿಂಡುತ್ತೇವೆ. ತೇಪೆಯ ಮೇಲೆ ತೇಪೆ ಬಿದ್ದು ನಾರುಗಳ ಸಾಲು ಅಸ್ತವ್ಯಸ್ತವಾಗುತ್ತದೆ, ಅಲ್ಲಲ್ಲಿ ಬೇಡದ ಸಣ್ಣ ರಕ್ತನಾಳಗಳು ಬೆಳೆಯುತ್ತವೆ.

ಬಹುಕಾಲ ಇದನ್ನು ಉರಿಯೂತ ಎಂದೇ ಭಾವಿಸಲಾಗಿತ್ತು. 1979ರಲ್ಲಿ ಅಮೆರಿಕದ ನಿರ್ಶ್ಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು, ಆಪರೇಷನ್‌ನಲ್ಲಿ ತೆಗೆದ ರಜ್ಜುವಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬೇರೆ. ಉರಿಯೂತದಲ್ಲಿ ಗುಂಪುಗೂಡುವ ಕೋಶಗಳು ಅಲ್ಲಿರಲಿಲ್ಲ; ಇದ್ದದ್ದು ಸರಿಯಾಗಿ ಮಾಯದ, ಸವೆದ ನಾರು. ಇದು ನೆನಪಿರಲಿ, ಏಕೆಂದರೆ ಸ್ಟೀರಾಯ್ಡ್ ಹೆಸರು ಮಾಡಿರುವುದು ಉರಿಯೂತ ಇಳಿಸುವುದರಲ್ಲಿ.

## ತಾನಾಗಿಯೇ ವಾಸಿಯಾಗುವ ಕಾಯಿಲೆಯ ತೊಡಕು

ನೆಗಡಿಗೆ ಔಷಧಿ ತಗೊಂಡರೆ ಒಂದು ವಾರದಲ್ಲಿ ಹೋಗುತ್ತೆ, ಇಲ್ಲದಿದ್ದರೆ ಏಳು ದಿನ ಬೇಕು ಎಂಬ ತಮಾಷೆ ಗೊತ್ತಲ್ಲ? ಟೆನಿಸ್ ಎಲ್ಬೋ ಕೂಡ ಅದೇ ಜಾತಿ, ವಾರದ ಬದಲು ವರ್ಷ ಅಷ್ಟೆ. ನೂರಕ್ಕೆ 80–90 ಮಂದಿಗೆ ಯಾವ ಸೂಜಿಯೂ ಇಲ್ಲದೆ ಸುಮಾರು ಒಂದು ವರ್ಷದೊಳಗೆ ನೋವು ಹೋಗುತ್ತದೆ ಅಥವಾ ತುಂಬ ಕಡಿಮೆಯಾಗುತ್ತದೆ.

ಇದು ಸಂತೋಷದ ಸುದ್ದಿ, ಆದರೆ ಚಿಕಿತ್ಸೆಗಳನ್ನು ಅಳೆಯುವವರಿಗೆ ತಲೆನೋವು. ಎಂಟನೇ ತಿಂಗಳಲ್ಲಿ ಏನನ್ನು ಚುಚ್ಚಿದರೂ ಹನ್ನೆರಡನೇ ತಿಂಗಳಿಗೆ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಗೆಳೆಯನ ‘ಒಂದೇ ಸೂಜಿ’ಯ ಕತೆಯಲ್ಲಿ ಸೂಜಿಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಅವನಿಂದಲೂ ಆಗದು. ಅದಕ್ಕೇ ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧ. ಇನ್ನೊಂದಕ್ಕೆ ಬರಿ ಉಪ್ಪುನೀರಿನ ಅಂದರೆ ಸಲೈನ್‌ನ ಸೂಜಿ, ಅಥವಾ ಏನೂ ಇಲ್ಲ. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೆ ಗೊತ್ತಾಗದಂತೆ ಮರೆಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ‘ನನಗೆ ದೊಡ್ಡ ಚಿಕಿತ್ಸೆ ಆಗಿದೆ’ ಎಂಬ ನಂಬಿಕೆಯೇ ನೋವನ್ನು ಸಾಕಷ್ಟು ತಗ್ಗಿಸಬಲ್ಲದು.

## ಸ್ಟೀರಾಯ್ಡ್: ಬೇಗ ಸಿಗುವ ಕೈಗಡ

ಇದು ಜಿಮ್‌ನಲ್ಲಿ ಮೈ ಬೆಳೆಸಲು ಕದ್ದು ಬಳಸುವ ಸ್ಟೀರಾಯ್ಡ್ ಅಲ್ಲ. ನಮ್ಮ ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ತಯಾರಿಸುವ ಕಾರ್ಟಿಸೋಲ್‌ನ ಸಂಬಂಧಿ. ಮೊಣಕೈಗೆ ಸಾಮಾನ್ಯವಾಗಿ ಬಳಸುವುದು ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್. ಅದರ ಜೊತೆ ಜಾಗ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸುತ್ತಾರೆ. ಹಾಗಾಗಿ ಚುಚ್ಚಿದ ತಕ್ಷಣ ನೋವು ಮಾಯ. ಕೆಲವು ಗಂಟೆಗಳಲ್ಲಿ ಮರಗಟ್ಟು ಇಳಿದು ನೋವು ವಾಪಸು ಬರುತ್ತದೆ. ಕೆಲವರಿಗೆ ಒಂದೆರಡು ದಿನ ಮೊದಲಿಗಿಂತ ಜಾಸ್ತಿಯೇ ಇರುತ್ತದೆ. ಆಮೇಲೆ ಸ್ಟೀರಾಯ್ಡ್ ತನ್ನ ಕೆಲಸ ಶುರುಮಾಡುತ್ತದೆ. ‘ಬೆಳಿಗ್ಗೆ ಚುಚ್ಚಿಸ್ಕೊಂಡೆ, ರಾತ್ರಿ ನಿದ್ದೆ ಇಲ್ಲ’ ಅನ್ನುವವರು ಈ ನಡುವಿನ ಅವಧಿಯಲ್ಲಿ ಸಿಕ್ಕಿಕೊಂಡವರು.

ಇನ್ನು ಲೆಕ್ಕಕ್ಕೆ ಬರೋಣ. ನೆದರ್ಲೆಂಡ್ಸ್‌ನಲ್ಲಿ ನಡೆದು 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 185 ರೋಗಿಗಳಿದ್ದರು. ಒಂದು ಗುಂಪಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೊಥೆರಪಿ, ಮೂರನೆಯದಕ್ಕೆ ಸಲಹೆಯಷ್ಟೇ ಕೊಟ್ಟು ಕಾದು ನೋಡಿದರು. ಆರನೇ ವಾರದಲ್ಲಿ ಸ್ಟೀರಾಯ್ಡ್ ಗುಂಪಿನ ನೂರಕ್ಕೆ 92 ಮಂದಿ ಸುಧಾರಿಸಿದ್ದರು. ಫಿಸಿಯೊಥೆರಪಿಯಲ್ಲಿ 47, ಕಾದವರಲ್ಲಿ 32. ಅಲ್ಲಿಗೇ ಅಧ್ಯಯನ ನಿಲ್ಲಿಸಿದ್ದರೆ ಸ್ಟೀರಾಯ್ಡ್‌ಗೆ ಹಾರ ಹಾಕಿ ಮನೆಗೆ ಹೋಗಬಹುದಿತ್ತು. ಅವರು ವರ್ಷವಿಡೀ ಕಾದರು. 52ನೇ ವಾರದಲ್ಲಿ ಸ್ಟೀರಾಯ್ಡ್ 69, ಫಿಸಿಯೊಥೆರಪಿ 91, ಸುಮ್ಮನೆ ಕಾದವರು 83. ಮೊದಲಿದ್ದವರು ಕೊನೆಗೆ ಬಂದಿದ್ದರು.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದು 2013ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ಬಿಗಿಯಾದದ್ದು. 165 ಜನ, ಕೆಲವರಿಗೆ ಒಂದೇ ಒಂದು ಸ್ಟೀರಾಯ್ಡ್ ಸೂಜಿ, ಉಳಿದವರಿಗೆ ಹುಸಿ ಸೂಜಿ. ವರ್ಷದ ಕೊನೆಗೆ ಪೂರ್ತಿ ಅಥವಾ ಬಹುಮಟ್ಟಿಗೆ ಗುಣವಾದವರು ಸ್ಟೀರಾಯ್ಡ್ ಕಡೆ ನೂರಕ್ಕೆ 83, ಹುಸಿ ಸೂಜಿಯ ಕಡೆ 96. ನೋವು ಹೋಗಿ ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 54 ಮಂದಿಗೆ, ಹುಸಿ ಸೂಜಿಯವರಲ್ಲಿ 12 ಮಂದಿಗೆ. ಸ್ಟೀರಾಯ್ಡ್ ಜೊತೆಗೆ ಫಿಸಿಯೊಥೆರಪಿ ಸೇರಿಸಿದರೂ ಆ ಹಿನ್ನಡೆ ತಪ್ಪಲಿಲ್ಲ.

ಹೀಗೇಕೆ? ಎರಡು ವಿವರಣೆಗಳಿವೆ. ಸ್ಟೀರಾಯ್ಡ್ ನೋವು ಹುಟ್ಟಿಸುವ ರಾಸಾಯನಿಕಗಳ ಬಾಯಿ ಮುಚ್ಚಿಸುವುದರ ಜೊತೆಗೆ, ಹೊಸ ನಾರು ನೇಯಬೇಕಾದ ಕೋಶಗಳ ಕೆಲಸವನ್ನೂ ನಿಧಾನಿಸುತ್ತದೆ. ಇನ್ನೊಂದು ನಮ್ಮದೇ ತಪ್ಪು. ನೋವಿಲ್ಲವೆಂದರೆ ಹಗ್ಗ ಸರಿಹೋಯಿತೆಂದು ತಿಳಿದು ಮಾರನೆಯ ವಾರವೇ ಬಿಂದಿಗೆ ಎತ್ತುತ್ತೇವೆ. ಕೈಗಡ ಸಿಕ್ಕಾಗ ಜೇಬು ತುಂಬಿದಂತೆಯೇ ಇರುತ್ತದೆ. ಬಡ್ಡಿ ಕಟ್ಟುವ ಹೊತ್ತಿಗೆ ನಿಜ ತಿಳಿಯುತ್ತದೆ.

ಅಡ್ಡಪರಿಣಾಮಗಳಲ್ಲಿ ನಮ್ಮವರು ಮುಖ್ಯವಾಗಿ ತಿಳಿಯಬೇಕಾದವು ಎರಡು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ದಿನ, ಕೆಲವೊಮ್ಮೆ ವಾರದವರೆಗೆ, ರಕ್ತದ ಸಕ್ಕರೆ ಏರಬಹುದು. ಡಾಕ್ಟರಿಗೆ ಮೊದಲೇ ಹೇಳಿ, ಆ ದಿನಗಳಲ್ಲಿ ಪರೀಕ್ಷೆ ಮಾಡಿಕೊಳ್ಳುವುದು ಲೇಸು. ಇನ್ನೊಂದು ಚರ್ಮದ್ದು: ಮೊಣಕೈಯ ಆ ಜಾಗದಲ್ಲಿ ಮಾಂಸಖಂಡ ತೆಳು, ಔಷಧ ಚರ್ಮದ ಕೆಳಗೇ ಉಳಿದರೆ ಕೊಬ್ಬು ಕರಗಿ ಗುಳಿ ಬೀಳುತ್ತದೆ, ಬಣ್ಣ ಹೋಗಿ ಬಿಳಿ ಮಚ್ಚೆಯಾಗುತ್ತದೆ. ಕಂದು ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ. ‘ತೊನ್ನು ಬಂತು’ ಎಂದು ಹೆದರಿದವರೂ ಇದ್ದಾರೆ. ಅದು ತೊನ್ನಲ್ಲ, ಬಹುಪಾಲು ತಿಂಗಳುಗಳಲ್ಲಿ ಮಾಸುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ರಜ್ಜು ದುರ್ಬಲವಾಗಿ ಹರಿಯುವ ಅಪಾಯವೂ ಉಂಟು. ‘ಹೋದ ಸಲ ಚೆನ್ನಾಗಿ ಕೆಲಸ ಮಾಡ್ತು, ಇನ್ನೊಂದು ಕೊಡಿ ಸಾರ್’ ಎಂದು ಮೂರನೇ, ನಾಲ್ಕನೇ ಸೂಜಿಗೆ ಹೋಗುವುದನ್ನು ವೈದ್ಯರು ಒಪ್ಪದಿರುವುದು ಇದಕ್ಕೇ.

## ಪಿಆರ್‌ಪಿ: ಮೊರದಲ್ಲಿ ಕೇರಿದ ರಕ್ತ

ಡೆಂಗಿ ಬಂದಮೇಲೆ ಪ್ಲೇಟ್‌ಲೆಟ್ ಎಂಬ ಪದ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಈ ಕಣಗಳು, ಜೊತೆಗೆ ರಿಪೇರಿ ಕೆಲಸದವರನ್ನು ಕರೆಯುವ ಬೆಳವಣಿಗೆಯ ಅಂಶಗಳನ್ನೂ ಹೊತ್ತಿರುತ್ತವೆ. ಸವೆದ ರಜ್ಜುವಿಗೆ ರಕ್ತ ಸಂಚಾರ ಕಡಿಮೆ, ರಿಪೇರಿಯವರು ಅಲ್ಲಿಗೆ ಬರುವುದೂ ಕಡಿಮೆ. ಹಾಗಾದರೆ ಪ್ಲೇಟ್‌ಲೆಟ್‌ಗಳನ್ನೇ ಒಟ್ಟುಮಾಡಿ ಅಲ್ಲಿಗೆ ಸುರಿದರೆ? ಪಿಆರ್‌ಪಿ ಎಂದರೆ ಇಷ್ಟೇ: ಪ್ಲೇಟ್‌ಲೆಟ್ ದಟ್ಟವಾಗಿರುವ ರಕ್ತದ ತಿಳಿ.

ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಮೊರದಲ್ಲಿ ಕೇರಿದಾಗ ಗಟ್ಟಿಕಾಳು ಒಂದು ಕಡೆ, ಜೊಳ್ಳು ಒಂದು ಕಡೆ ಆಗುವಂತೆ, ಭಾರದ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ, ಹಗುರಾದ ಹಳದಿ ತಿಳಿ ಮೇಲೆ ನಿಲ್ಲುತ್ತದೆ. ಪ್ಲೇಟ್‌ಲೆಟ್ ಹೆಚ್ಚಿರುವ ಪದರವನ್ನು ಎಳೆದು ಮೊಣಕೈಗೆ ಚುಚ್ಚುತ್ತಾರೆ. ಒಳ್ಳೆಯ ಕಡೆ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಚುಚ್ಚುತ್ತಾರೆ. ಇದರ ಉದ್ದೇಶವೇ ರಿಪೇರಿ ಎಬ್ಬಿಸುವುದಾದ್ದರಿಂದ ಕೆಲವು ದಿನ ನೋವು ಜೋರು. ಆ ರಿಪೇರಿಗೆ ಅಡ್ಡಿಯಾಗಬಾರದೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆಗಳನ್ನು ಬಿಡಲು ಹೇಳುವುದು ವಾಡಿಕೆ. ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು.

ಫಲ ನಿಜವೇ? 2010ರಲ್ಲಿ ನೆದರ್ಲೆಂಡ್ಸ್‌ನದೇ ಒಂದು ಅಧ್ಯಯನ 100 ರೋಗಿಗಳಲ್ಲಿ ಪಿಆರ್‌ಪಿಯನ್ನು ಸ್ಟೀರಾಯ್ಡ್ ಎದುರು ನಿಲ್ಲಿಸಿತು. ಮೊದಲು ಸ್ಟೀರಾಯ್ಡ್ ಮುಂದಿತ್ತು. ವರ್ಷದ ಹೊತ್ತಿಗೆ ನೋವಿನ ಲೆಕ್ಕದಲ್ಲಿ ಯಶಸ್ಸು ಪಿಆರ್‌ಪಿಯಲ್ಲಿ ನೂರಕ್ಕೆ 73, ಸ್ಟೀರಾಯ್ಡ್‌ನಲ್ಲಿ 49. ಪಿಆರ್‌ಪಿ ಜಗತ್ತಿನಾದ್ಯಂತ ಜನಪ್ರಿಯವಾಗಲು ಇಂಥ ಅಂಕಿಗಳೇ ಕಾರಣ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ವರ್ಷದ ಕೊನೆಗೆ ಸ್ಟೀರಾಯ್ಡ್ ಪಡೆದವರು ಏನೂ ಮಾಡದವರಿಗಿಂತ ಹಿಂದೆ ಬೀಳುತ್ತಾರೆ ಎಂದು ಈಗಾಗಲೇ ನೋಡಿದೆವು. ಓಟದಲ್ಲಿ ಪಕ್ಕದವನು ಎಡವಿ ಬಿದ್ದರೆ ನಡೆದುಕೊಂಡು ಹೋದವನೂ ಗೆಲ್ಲುತ್ತಾನೆ. ಪಿಆರ್‌ಪಿ ನಿಜವಾಗಿ ಓಡಿತೇ ಎಂದು ತಿಳಿಯಲು ಅದನ್ನು ಉಪ್ಪುನೀರಿನ ಎದುರು ಓಡಿಸಬೇಕು. ಡೆನ್ಮಾರ್ಕ್‌ನಲ್ಲಿ 60 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಪಿಆರ್‌ಪಿ, ಸ್ಟೀರಾಯ್ಡ್, ಸಲೈನ್ ಮೂರನ್ನೂ ಹೋಲಿಸಿತು. ಮೂರು ತಿಂಗಳ ಹೊತ್ತಿಗೆ ನೋವಿನಲ್ಲಿ ಮೂರೂ ಒಂದೇ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಜರಡಿ ಹಿಡಿಯುವ ಕಾಕ್ರೇನ್ ಸಂಸ್ಥೆ 2021ರಲ್ಲಿ 32 ಪ್ರಯೋಗಗಳ 2,337 ಜನರ ಮಾಹಿತಿ ನೋಡಿತು. ರೋಗಿಯ ಸ್ವಂತ ರಕ್ತವಾಗಲಿ ಪಿಆರ್‌ಪಿಯಾಗಲಿ, ಹುಸಿ ಸೂಜಿಗಿಂತ ಗಮನಾರ್ಹ ಲಾಭವನ್ನು ಬಹುಶಃ ಕೊಡುವುದಿಲ್ಲ ಎಂಬುದು ಅದರ ತೀರ್ಮಾನ.

ಎಲ್ಲರೂ ಇದನ್ನು ಒಪ್ಪಿ ಕೈತೊಳೆದುಕೊಂಡಿಲ್ಲ. ಅಮೆರಿಕದಲ್ಲಿ 230 ರೋಗಿಗಳ ಮೇಲೆ ನಡೆದ 2014ರ ಅಧ್ಯಯನದಲ್ಲಿ 24ನೇ ವಾರಕ್ಕೆ ಪಿಆರ್‌ಪಿ ಗುಂಪಿನ ಯಶಸ್ಸು ನೂರಕ್ಕೆ 84, ಹೋಲಿಕೆಯ ಗುಂಪಿನದು 68 ಎಂದು ಬಂದಿತ್ತು. ಜೊತೆಗೆ ಪಿಆರ್‌ಪಿ ಎಂಬುದು ಒಂದೇ ಪದಾರ್ಥವಲ್ಲ. ಸಾರು ಅಂದರೆ ಮನೆಗೊಂದು ರುಚಿ ಇರುವ ಹಾಗೆ, ಎಷ್ಟು ರಕ್ತ ತೆಗೆದರು, ಎಷ್ಟು ಹೊತ್ತು ತಿರುಗಿಸಿದರು, ಬಿಳಿ ರಕ್ತಕಣ ಉಳಿಸಿಕೊಂಡರೋ ಬಿಟ್ಟರೋ ಎಂಬುದರ ಮೇಲೆ ಸಿಗುವ ತಿಳಿಯೇ ಬೇರೆ. ಪರವಾಗಿ ಹೇಳುವವರ ವಾದ ಇದು. ಆದರೆ ಹಣ ಕೊಡುವವರ ಮಟ್ಟಿಗೆ ಇದೇ ಮಾತು ಅನುಮಾನಕ್ಕೂ ಕಾರಣ: ಅಧ್ಯಯನದಲ್ಲಿ ಗೆದ್ದ ಸಾರೇ ನಮ್ಮ ತಟ್ಟೆಗೆ ಬೀಳುತ್ತದೆ ಎಂಬ ಖಾತ್ರಿ ಇಲ್ಲ. ಸ್ವಂತ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ, ಸ್ಟೀರಾಯ್ಡ್‌ನಂತೆ ರಜ್ಜುವನ್ನು ಬಲಹೀನಗೊಳಿಸುವ ಕಳವಳವೂ ಇಲ್ಲ. ಖರ್ಚು ಮಾತ್ರ ಸ್ಟೀರಾಯ್ಡ್‌ನ ಹಲವು ಪಟ್ಟು.

## ಉಳಿದ ಸೂಜಿಗಳು

ಯಂತ್ರವಿಲ್ಲದೆ, ತೋಳಿನಿಂದ ಎರಡು–ಮೂರು ಮಿಲಿಲೀಟರ್ ರಕ್ತ ಎಳೆದು ಹಾಗೆಯೇ ಮೊಣಕೈಗೆ ಚುಚ್ಚುವುದು ಪಿಆರ್‌ಪಿಯ ಬಡ ಅಣ್ಣ. ಕಾಕ್ರೇನ್ ತೀರ್ಮಾನ ಇದಕ್ಕೂ ಅನ್ವಯಿಸುತ್ತದೆ. ದಟ್ಟ ಗ್ಲೂಕೋಸ್ ದ್ರಾವಣ ಚುಚ್ಚಿ ರಿಪೇರಿ ಕೆರಳಿಸುವುದಕ್ಕೆ ಪ್ರೋಲೋಥೆರಪಿ ಅನ್ನುತ್ತಾರೆ. ಅಗ್ಗ, ಆದರೆ ಆಧಾರವಾಗಿರುವುದು ಸಣ್ಣ ಸಣ್ಣ ಅಧ್ಯಯನಗಳು. ಔಷಧವೇ ಇಲ್ಲದೆ ಬರಿ ಸೂಜಿಯಿಂದ ರಜ್ಜುವನ್ನು ಹಲವು ಬಾರಿ ಚುಚ್ಚಿ ಹೊಸ ಗಾಯ ಮಾಡಿ ಮಾಯಿಸುವ ವಿಧಾನವೂ ಇದೆ.

ಬೊಟಾಕ್ಸ್ ಕತೆ ಸ್ವಾರಸ್ಯದ್ದು. ಮುಖದ ಸುಕ್ಕು ತೆಗೆಯಲು ಬಳಸುವ ಅದೇ ವಸ್ತು ಇಲ್ಲಿ ಸ್ನಾಯುವನ್ನು ತಾತ್ಕಾಲಿಕವಾಗಿ ಮಲಗಿಸಿ ರಜ್ಜುವಿಗೆ ವಿಶ್ರಾಂತಿ ಕೊಡಿಸುತ್ತದೆ. ಕೆಲವು ಅಧ್ಯಯನಗಳಲ್ಲಿ ನೋವು ಇಳಿದಿದೆ, ಕೆಲವುಗಳಲ್ಲಿ ಇಲ್ಲ. ತೊಂದರೆಯೆಂದರೆ ನಡುಬೆರಳನ್ನು ಮೇಲೆತ್ತಲು ವಾರಗಟ್ಟಲೆ ಬಲವಿರುವುದಿಲ್ಲ. ಟೈಲರಿಗೋ ತಬಲ ನುಡಿಸುವವರಿಗೋ ಈ ಸೂಜಿ ಬೇಡವೇ ಬೇಡ.

## ಒಪ್ಪಿಗೆ ಕೊಡುವ ಮೊದಲು

ನೋವು ಮೊಣಕೈಯದೇ ಎಂಬುದು ಮೊದಲು ಖಚಿತವಾಗಬೇಕು. ಕತ್ತಿನ ನರ ಒತ್ತಿದರೂ ಇಲ್ಲಿ ನೋಯುತ್ತದೆ. ಜೋಮು ಹಿಡಿಯುತ್ತಿದ್ದರೆ, ಕತ್ತು ಹೊರಳಿಸಿದಾಗ ನೋವು ಬದಲಾದರೆ ಹೇಳಿ. ಜ್ವರ, ಕೆಂಪಗೆ ಊದಿಕೊಂಡ ಕೀಲು, ಬಿದ್ದು ಪೆಟ್ಟಾದ ಕೈ ಇವು ಟೆನಿಸ್ ಎಲ್ಬೋ ಅಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಎಲ್ಲಾದರೂ ಸೋಂಕಿದ್ದರೆ ಸೂಜಿಗೆ ಮುಂಚೆ ತಿಳಿಸಬೇಕು.

ಮುಂದಿನದು ಅವರವರ ಕ್ಯಾಲೆಂಡರ್. ಮದುವೆ ಸೀಸನ್ ಎದುರಿಗಿದೆ, ಸೌಟು ಹಿಡಿಯದಿದ್ದರೆ ಈ ತಿಂಗಳ ದುಡಿಮೆಯೇ ಇಲ್ಲ ಎನ್ನುವ ಅಡುಗೆಯವರಿಗೆ ಆರು ವಾರದ ನಿರಾಳ ದೊಡ್ಡದು. ಮರುಕಳಿಸಬಹುದು ಎಂದು ತಿಳಿದೇ ಒಂದು ಸ್ಟೀರಾಯ್ಡ್ ಸೂಜಿ ತಗೊಂಡರೆ ಅದು ಲೆಕ್ಕ ಹಾಕಿ ಮಾಡಿದ ಸಾಲ. ಕೆಲಸ ಸ್ವಲ್ಪ ಹಗುರ ಮಾಡಿಕೊಂಡು ಕಾಯಬಲ್ಲವರಿಗೆ ಆ ಸಾಲದ ಅಗತ್ಯ ಕಡಿಮೆ. ಆರು ತಿಂಗಳು ವ್ಯಾಯಾಮ ಮಾಡಿಯೂ ಬಗ್ಗದ ನೋವಿಗೆ, ಆಪರೇಷನ್‌ಗೆ ಮೊದಲು ಪಿಆರ್‌ಪಿ ನೋಡೋಣ ಎಂದು ಕೆಲವು ವೈದ್ಯರು ಹೇಳುತ್ತಾರೆ. ಆಗ ಅಲ್ಟ್ರಾಸೌಂಡ್ ಬಳಸುತ್ತೀರಾ, ಎಷ್ಟು ಸೂಜಿ ಬೇಕು, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ, ಸಂಕೋಚ ಬೇಡ.

ಯಾವ ಸೂಜಿ ಆರಿಸಿದರೂ, ಆರಿಸದಿದ್ದರೂ, ಹಗ್ಗಕ್ಕೆ ಬಲ ಬರುವುದು ನಿಧಾನವಾಗಿ ಭಾರ ಹೊರುವುದನ್ನು ಕಲಿಸಿದಾಗ. ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ಮುಂಗೈಯನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಗಿರಲಿ, ಅಂಗೈ ಕೆಳಮುಖ. ಇನ್ನೊಂದು ಕೈಯ ಸಹಾಯದಿಂದ ಬಾಟಲಿ ಹಿಡಿದ ಕೈಯನ್ನು ಮೇಲೆತ್ತಿ, ಆ ಕೈ ಬಿಟ್ಟು, ನೋಯುವ ಕೈಯಿಂದಲೇ ನಾಲ್ಕೈದು ಎಣಿಸುತ್ತ ಇಳಿಸಬೇಕು. ತುಸು ನೋವಾದರೆ ಪರವಾಗಿಲ್ಲ. ಮರುದಿನವೂ ಉಳಿದರೆ ನೀರು ಕಡಿಮೆ ಮಾಡಿ. ಎಷ್ಟು ಸಲ, ಯಾವಾಗ ಭಾರ ಏರಿಸಬೇಕು ಎಂಬುದನ್ನು ಫಿಸಿಯೊಥೆರಪಿಸ್ಟ್ ಹೇಳುತ್ತಾರೆ, ಎರಡು–ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಅಲ್ಲಿಯವರೆಗೆ ತರಕಾರಿ ಚೀಲವನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತಿ, ಬಟ್ಟೆ ಹಿಂಡುವ ಕೆಲಸವನ್ನು ಮನೆಯಲ್ಲಿ ಬೇರೆ ಯಾರಿಗಾದರೂ ದಾಟಿಸಿ.